ಧಾರವಾಡದ ಸಿತಾರ್

ಈ ವಾರ ಪೂರ್ತಿ ಕೇಳಿದ್ದು ಬಾಲೇಖಾನ್ ಅವರ ಸಿತಾರ್! ಧಾರವಾಡ ಅಂದ ಕೂಡಲೇ ನಮಗೆ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ನೆನಪಾಗುತ್ತಾರೆ, ಆದರೆ ಅದೇ ಊರಲ್ಲಿ ತಲೆಮಾರುಗಳಿಂದ ಸಿತಾರ್ ನುಡಿಸುತ್ತಾ ಬಂದ ಮನೆತನ ಒಂದಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು ಹೇಳಿ. ಆ ಮನೆತನದವರೇ ಬಾಲೇಖಾನ್. ಇವರ ಅಜ್ಜ ರಹಿಮತ್ ಖಾನ್, ಬೀನ್‌ಕಾರ (ರುದ್ರವೀಣೆ ನುಡಿಸುವವರು) ಬಂದೇ ಅಲಿ ಖಾನರ ಶಿಷ್ಯರು. ಸಿತಾರಿಗೆ ಖರ್ಜದ (ತಗ್ಗು ಸ್ವರದ) ತಂತಿಗಳನ್ನು ಸೇರಿಸಿದವರು ಇವರೇ ಅಂತಲೂ ಹೇಳುತ್ತಾರೆ. ಬಾಲೇಖಾನ್ 2007ರಲ್ಲಿ ತೀರಿಕೊಂಡರು. ಬಾಲೇಖಾನರ ಮೀಂಡ್ ಕೇಳಬೇಕು ನೀವು, ಒಂದೇ ಮೀಟಿನಲ್ಲಿ ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಹೋಗುವಾಗ ಯಾರೋ ಹಾಡುತ್ತಿದ್ದಾರೆ ಅನ್ನಿಸುತ್ತದೆ! ಹೆಸರು ದೊಡ್ಡದಾಗೋಕೂ ಕೈಯಲ್ಲಿರೋ ವಿದ್ಯೆಗೂ ಅಷ್ಟೇನು ಸಂಬಂಧ ಇಲ್ಲ ಅಲ್ವಾ. ಸಂಗೀತದ ಆ್ಯಪ್‌ಗಳು ಸುಮ್ನೆ ಅದೇ ನಾಲ್ಕು ಹೆಸರು ತೋರಿಸುತ್ತವೆ. ಯಾರ ಹತ್ತಿರವಾದರೂ ಇವರ ಹಳೆಯ ಕ್ಯಾಸೆಟ್, ಕಛೇರಿ ರೆಕಾರ್ಡಿಂಗ್ ಇದ್ದರೆ ದಯವಿಟ್ಟು ತಿಳಿಸಿ.