ಲಿಬ್‌ಯುಎಸ್‌ಬಿಯ ಲಾಗ್ ತೆಗೆದುಹಾಕಬೇಡಿ

ಕೇಳದೇನೇ ಟರ್ಮಿನಲ್ ತುಂಬಾ ಲಾಗ್ (ಒಳಗೆ ಏನು ನಡೆಯುತ್ತಿದೆ ಅಂತ ಹೇಳುವ ಮೆಸೇಜುಗಳು) ಸುರಿಯುವ ಲೈಬ್ರರಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಲಿಬ್‌ಯುಎಸ್‌ಬಿ ಹಾಗಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲ ಕಡೆ ಓಡುವ, ಪ್ರೋಗ್ರಾಂಗಳು ಯುಎಸ್‌ಬಿ ಡಿವೈಸ್‌ಗಳ ಜೊತೆ ಮಾತಾಡಲು ಬಳಸುವ ಈ ಸಿ ಲೈಬ್ರರಿಯ ಲಾಗ್ ಮಟ್ಟ ಮಾಮೂಲಿಯಾಗಿ 0, ಒಂದು ಸಾಲೂ ಬರುವುದಿಲ್ಲ. ಡಿವೈಸ್ ಓಪನ್ ಆಗದಿದ್ದರೆ ಲಿಬ್‌ಯುಎಸ್‌ಬಿ_ಡೀಬಗ್ (LIBUSB_DEBUG) ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ, ಅಂದರೆ ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್‌ಗೆ, 4 ಕೊಟ್ಟು ಪ್ರೋಗ್ರಾಂ ಓಡಿಸಿ, ಮತ್ತೆ ಕಂಪೈಲ್ ಮಾಡೋದೇ ಬೇಡ, ಒಳಗೆ ನಡೆಯುವುದೆಲ್ಲ ಸಾಲು ಸಾಲಾಗಿ ಕಾಣುತ್ತದೆ.

ಆದರೆ ಲೈಬ್ರರಿ ಬಿಲ್ಡ್ ಮಾಡುವಾಗಲೇ ಡಿಸೇಬಲ್-ಲಾಗ್ (--disable-log) ಅನ್ನೋ ಆಯ್ಕೆ ಕೊಟ್ಟಿದ್ದರೆ ಆ ಮೆಸೇಜುಗಳು ಬೈನರಿಯಲ್ಲೇ ಇರುವುದಿಲ್ಲ. ಫ್ಲ್ಯಾಶ್ ಮೆಮೊರಿ ತೀರಾ ಕಡಿಮೆ ಇರುವ ಬೋರ್ಡಿಗೆ ಸರಿ. ಡೆಸ್ಕ್‌ಟಾಪ್ ಪ್ಯಾಕೇಜಿಗೆ ಯಾಕೆ? ಬಗ್ ಜೊತೆ ಲಾಗ್ ಕಳಿಸಿ ಅಂದರೆ ಬಳಕೆದಾರರು ಏನು ಕಳಿಸಬೇಕು ಹೇಳಿ! ಎನೇಬಲ್-ಡೀಬಗ್-ಲಾಗ್ (--enable-debug-log) ಆಯ್ಕೆ ಕೂಡ ರಿಲೀಸಿಗೆ ಬೇಡ, ಹಾಗೆ ಬಿಲ್ಡ್ ಮಾಡಿದರೆ ಮೆಸೇಜು ಜಾಸ್ತಿ, ಆಮೇಲೆ ಕೋಡಿನಿಂದ ಮಟ್ಟ ಇಳಿಸುವುದಕ್ಕೂ ಆಗುವುದಿಲ್ಲ.