ಚುಕ್ಕೆ ಹೋಯ್ತು, ಕಾಯಿಲೆ ಹೋಗಿಲ್ಲ

ಮಾರ್ಚ್ 16, 2025, ಭಾನುವಾರ, ಬೆಂಗಳೂರು

ಬೆಳಿಗ್ಗೆ ಎದ್ದು ಟ್ಯಾಂಕಿನ ಲೈಟ್ ಹಾಕಿದರೆ ನನ್ನ ಟ್ಯಾಂಗ್ ಅನ್ನೋ ಸಮುದ್ರದ ಮೀನಿನ ಮೈಮೇಲೆ ಒಂದೂ ಬಿಳಿ ಚುಕ್ಕೆ ಇಲ್ಲ. ಗುರುವಾರ ಅದರ ರೆಕ್ಕೆ ಪೂರ್ತಿ ರವೆ ಉದುರಿಸಿದ ಹಾಗಿತ್ತು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ ತಕ್ಷಣ "ಬೆಳ್ಳುಳ್ಳಿ ಕೆಲಸ ಮಾಡ್ತು ನೋಡಿ" ಅಂತ ಶುರು. ಬೆಳ್ಳುಳ್ಳಿ ರಸ ಹಚ್ಚಿದ ಆಹಾರ ತಿಂದಿದ್ದು ನಿಜ, ಆದರೆ ಚುಕ್ಕೆ ಹೋಗಿದ್ದರ ಕ್ರೆಡಿಟ್ ಅದಕ್ಕೆ ಕೊಡೋದು ಸುಮ್ನೆ ಮಾತು.

ಯಾಕಂದ್ರೆ ಚುಕ್ಕೆ ತಾನಾಗೇ ಹೋಗುತ್ತೆ. ಕ್ರಿಪ್ಟೋಕ್ಯಾರಿಯಾನ್ ಅನ್ನೋ ಈ ಪರಾವಲಂಬಿ ಮೀನಿನ ಚರ್ಮದಲ್ಲಿ ಇರೋದೇ 3ರಿಂದ 7 ದಿನ. ಹೊಟ್ಟೆ ತುಂಬಿದ ಮೇಲೆ ಕೆಳಗೆ ಬಿದ್ದು, ಮರಳಿಗೋ ಕಲ್ಲಿಗೋ ಅಂಟಿಕೊಂಡು, ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು, ಒಳಗೇ ನೂರಾರು ಮರಿಯಾಗಿ ಒಡೆಯುತ್ತೆ. ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಮರಿ ಹೊರಗೆ ಬರುತ್ತವೆ, ಕೆಲವು 72 ದಿನದ ತನಕ ಕಾದಿದ್ದೂ ದಾಖಲಾಗಿದೆ. ಹೊರಗೆ ಬರೋದೂ ಹೆಚ್ಚಾಗಿ ಕತ್ತಲಲ್ಲಿ, ಮೀನು ಕಲ್ಲಿನ ಸಂದಿಯಲ್ಲಿ ಅಲ್ಲಾಡದೆ ಮಲಗಿರೋ ಹೊತ್ತಲ್ಲಿ! ಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತೆ. ನಮಗಿರೋ ದಾರಿ ಅದೊಂದೇ.

ಅದಕ್ಕೇ ಇವತ್ತು ಎಲ್ಲ ಮೀನನ್ನೂ ಎತ್ತಿ ಯುಟಿಲಿಟಿಯ ಖಾಲಿ ಟ್ಯಾಂಕಿಗೆ ಹಾಕಿದೆ. ಕ್ಲೌನ್ ಫಿಶ್ ಜೋಡಿ ಬೇಗ ಬಲೆಗೆ ಬಂತು. ಟ್ಯಾಂಗ್ ಮಾತ್ರ ಮಧ್ಯಾಹ್ನದ ತನಕ ಸತಾಯಿಸಿತು, ಕೊನೆಗೆ ಅರ್ಧ ಕಲ್ಲು ಹೊರಗೆ ತೆಗೆಯಬೇಕಾಯ್ತು.

ಮಹಡಿ ಮನೆ ಆಂಟಿ ಬಂದವರು ಗಾಜಿಗೆ ಮೂಗು ತಾಗಿಸಿ ನೋಡಿ, "ಮೀನಿಗೂ ಅಮ್ಮ ಬಂದಿದ್ಯೇನಪ್ಪಾ? ಬೇವಿನ ಸೊಪ್ಪು ಹಾಕು" ಅಂದರು. ಈ ಹುಳಕ್ಕೆ ತಾಮ್ರವೇ ಔಷಧಿ, ಅದನ್ನೇ ನೀರಿಗೆ ಹಾಕ್ತೀನಿ ಆಂಟಿ ಅಂದೆ. ತಾಮ್ರದ ಚೊಂಬು ಕೊಡೋಕೆ ರೆಡಿ ಆಗಿಬಿಟ್ಟರು, ಪಾಪ.

ದೊಡ್ಡ ಟ್ಯಾಂಕಿಗೇ ಔಷಧಿ ಸುರಿಯಬಹುದಲ್ವಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಬೇಡವೇ ಬೇಡ. ತಾಮ್ರ ಬಿದ್ದರೆ ಸೀಗಡಿ, ಬಸವನಹುಳು, ಅನಿಮೋನ್ ಎಲ್ಲಾ ಹೋಗುತ್ತವೆ. ಮೇಲಿಂದ ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ, ಹಾಗಾಗಿ ನೀರಿನಲ್ಲಿ ಎಷ್ಟಿದೆ ಅನ್ನೋ ಲೆಕ್ಕವೇ ಸಿಗಲ್ಲ. ಯುಟಿಲಿಟಿ ಟ್ಯಾಂಕಿನಲ್ಲಿ ಬರೀ ಪಿವಿಸಿ ಪೈಪಿನ ತುಂಡುಗಳು, ಒಂದು ಸ್ಪಂಜ್ ಫಿಲ್ಟರ್. ಸಾದಾ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕಡಿಮೆಯಾದರೆ ಹುಳ ಸಾಯಲ್ಲ, ಜಾಸ್ತಿಯಾದರೆ ಮೀನೇ ಸಾಯುತ್ತೆ. ಬಾಟಲಿಯಲ್ಲಿ ಬರೋ ಕೀಲೇಟೆಡ್ ತಾಮ್ರದ (ಬೇರೊಂದು ರಾಸಾಯನಿಕಕ್ಕೆ ಕಟ್ಟಿಹಾಕಿದ ತಾಮ್ರ) ಅಳತೆ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ದಿನಾ ತಾಮ್ರ ಅಳೆಯೋ ಕಿಟ್ ಹಾಕಿ ನೋಡಲೇಬೇಕು. ಟೆಸ್ಟ್ ಟ್ಯೂಬಿನ ಆ ತಿಳಿ ಬಣ್ಣ ಟ್ಯೂಬ್‌ಲೈಟ್ ಬೆಳಕಲ್ಲಿ ಒಂಥರಾ ಕಾಣುತ್ತೆ, ಕಿಟಕಿ ಹತ್ತಿರ ಇನ್ನೊಂಥರಾ, ನಾನಂತೂ ಕಿಟಕಿಯನ್ನೇ ನಂಬೋದು. ಮೀನಿನ ಗಲೀಜಿಂದ ಏರೋ ಅಮೋನಿಯಾ ವಿಷದ ಕಾಟ ಬೇರೆ ಇದೆ, ನೀರು ಬದಲಿಸೋಕೆ ಆರ್‌ಒ ನೀರಿಗೆ ಉಪ್ಪು ಕಲಸಿ ಎರಡು ಬಕೆಟ್ ಯಾವಾಗಲೂ ರೆಡಿ ಇರಬೇಕು.

ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರುತ್ತೆ, ಅಂದರೆ ಮೇ 31ರ ತನಕ. ಸೀಗಡಿಗೆ ಈ ರೋಗ ಅಂಟಲ್ಲ, ಅದು ಅಲ್ಲೇ ಇರಲಿ, ದಿನಕ್ಕೊಂದು ಚಿಟಿಕೆ ಊಟ ಹಾಕಿದರೆ ಸಾಕು. ಎರಡು ಟ್ಯಾಂಕಿಗೂ ಬಲೆ, ಬಕೆಟ್, ಪೈಪು ಎಲ್ಲಾ ಬೇರೆ ಬೇರೆ. ಒದ್ದೆ ಕೈಯಲ್ಲಿ ಅಲ್ಲಿಂದ ಇಲ್ಲಿಗೆ ಓಡಾಡೋದು ಬಂದ್ ಅಂತ ಮನೆಯಲ್ಲೂ ಹೇಳಿದ್ದೀನಿ. "ಹಾಗಾದ್ರೆ ಮೇ ತನಕ ಬಟ್ಟೆ ಎಲ್ಲಿ ಒಣಗಿಸಲಿ?" ಅಂತ ಇವಳು ಕೇಳ್ತಿದ್ದಾಳೆ.