ಚೇಂಬರ್ ಸೀಲು ಇತ್ತು, ಡ್ಯೂಟಿ ಮಾತ್ರ ಇಳಿಯಲಿಲ್ಲ

ಸಿಂಗಪುರದ ಒಂದು ಸಣ್ಣ ಟ್ರೇಡಿಂಗ್ ಕಂಪನಿಯಲ್ಲಿ ನನ್ನದು ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ನೋಡಿಕೊಳ್ಳುವ ಕೆಲಸ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ದಿನವಿಡೀ ಇದೇ. ಇಲ್ಲಿಗೆ ಬರುವ ಮುಂಚೆ ಚೇಂಬರ್ ಆಫ್ ಕಾಮರ್ಸ್ (ವ್ಯಾಪಾರ, ಉದ್ಯಮದವರ ಸಂಘ) ಅಂದ್ರೆ ನನಗೆ ಗೊತ್ತಿದ್ದದ್ದು ಬೆಂಗಳೂರಿನ ಎಫ್‌ಕೆಸಿಸಿಐ ಒಂದೇ. 1916ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ್ದು. ಬಜೆಟ್ ದಿನ ಟಿವಿಯವರಿಗೆ ಅಭಿಪ್ರಾಯ ಹೇಳೋ ಸಂಸ್ಥೆ ಅಂದುಕೊಂಡಿದ್ದೆ.

ಇಲ್ಲಿ ಬಂದ ಮೇಲೆ ಗೊತ್ತಾಯಿತು, ಚೇಂಬರ್ ಇಲ್ಲದೆ ನನ್ನ ಎಷ್ಟೋ ಫೈಲು ಮುಂದೆ ಹೋಗೋದೇ ಇಲ್ಲ. ಪುಟ್ಟ ದೇಶ, ತಯಾರಾಗೋದಕ್ಕಿಂತ ಹಾದು ಹೋಗೋ ಸರಕೇ ಕಣ್ಣಿಗೆ ಜಾಸ್ತಿ ಬೀಳುತ್ತದೆ. ಹಾಗಾಗಿ ಈ ಮಾಲು ಹುಟ್ಟಿದ್ದು ಎಲ್ಲಿ ಅಂತ ಯಾರಾದರೂ ಸಾಕ್ಷಿ ಹೇಳಬೇಕು. ಆ ಸಾಕ್ಷಿಯೇ ಸರ್ಟಿಫಿಕೇಟ್ ಆಫ್ ಒರಿಜಿನ್, ನಮ್ಮ ಬಾಯಲ್ಲಿ ಸಿಒ. ಚೀನೀ ಚೇಂಬರ್, ಇಂಡಿಯನ್ ಚೇಂಬರ್, ಮಲಯ್ ಚೇಂಬರ್, 1837ರಷ್ಟು ಹಳೆಯ ಇಂಟರ್‌ನ್ಯಾಷನಲ್ ಚೇಂಬರ್, ಎಲ್ಲರೂ ಕೊಡುತ್ತಾರೆ. 5 ಲಕ್ಷ ಸಿಂಗಪುರ ಡಾಲರ್ ಅಥವಾ ಜಾಸ್ತಿ ಬಂಡವಾಳ ಇರುವ ಕಂಪನಿಗಳಂತೂ ಕಾನೂನಿನ ಪ್ರಕಾರವೇ ಸಿಂಗಪುರ ಬಿಸಿನೆಸ್ ಫೆಡರೇಷನ್ ಸದಸ್ಯರು. ನಮ್ಮದು ಅಷ್ಟು ದೊಡ್ಡದಲ್ಲ ಬಿಡಿ.

ಈಗ ನಾನು ಎಡವಿದ ವಿಷಯ. ಪೀಣ್ಯದ ಒಬ್ಬರು ಯಜಮಾನರು ಯಂತ್ರದ ಬಿಡಿಭಾಗ ತರಿಸಿಕೊಂಡರು. ಸಿಂಗಪುರದ ತುವಾಸ್‌ನ ಫ್ಯಾಕ್ಟರಿಯಲ್ಲೇ ತಯಾರಾದ ಮಾಲು. ಅವರ ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು, ಸಿಒ ಕಳಿಸಿ ಅಂತ. ನಾನು ಎಂದಿನಂತೆ ಚೇಂಬರ್‌ನಿಂದ ಮಾಡಿಸಿ ಕಳಿಸಿದೆ. ಕಂಟೇನರ್ ಚೆನ್ನೈ ತಲುಪಿದ ಮೇಲೆ ಫೋನ್ ಬಂತು. "ಏನ್ರೀ, ಸೀಲೇನೋ ಚೆನ್ನಾಗಿದೆ, ಡ್ಯೂಟಿ ಒಂದು ರೂಪಾಯಿನೂ ಇಳಿದಿಲ್ವಲ್ರೀ!" ಡ್ಯೂಟಿ ಅಂದ್ರೆ ಭಾರತದಲ್ಲಿ ಕಟ್ಟೋ ಆಮದು ಸುಂಕ.

ಆಗ ಸೀನಿಯರ್ ಕೂರಿಸಿಕೊಂಡು ಹೇಳಿದರು. ಭಾರತ ಮತ್ತು ಸಿಂಗಪುರದ ನಡುವೆ 2005ರಿಂದ ಸಿಕಾ (ಸಿಇಸಿಎ) ಅನ್ನೋ ವ್ಯಾಪಾರ ಒಪ್ಪಂದ ಇದೆ, ಅದರಡಿ ಸುಂಕದ ರಿಯಾಯಿತಿ ಬೇಕಾದರೆ ಪ್ರಿಫರೆನ್ಷಿಯಲ್ ಸಿಒ ಬೇಕು, ಅದನ್ನು ಕೊಡೋದು ಸಿಂಗಪುರ ಕಸ್ಟಮ್ಸ್ ಮಾತ್ರ. ಚೇಂಬರ್ ಕೊಡೋದು ಸಾಮಾನ್ಯ ಸಿಒ, ಅದು ಹುಟ್ಟಿದ ಊರು ಹೇಳುತ್ತದೆ ಅಷ್ಟೇ. ಕಸ್ಟಮ್ಸ್‌ನಿಂದ ಬೇಕಂದ್ರೆ ಫ್ಯಾಕ್ಟರಿ ಮೊದಲೇ ಅಲ್ಲಿ ನೋಂದಾಯಿಸಿ, ಆ ಮಾಲಿಗೆ ಏನೇನು ಎಷ್ಟೆಷ್ಟು ಖರ್ಚಾಯಿತು ಅನ್ನೋ ಲೆಕ್ಕ ಕೊಟ್ಟಿರಬೇಕು. ನಮ್ಮ ಫ್ಯಾಕ್ಟರಿಯವರು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಕಂಟೇನರ್ ನಿಲ್ಲಿಸಿದರೆ ಡೆಮರೇಜ್, ಅಂದ್ರೆ ತಡವಾದದ್ದಕ್ಕೆ ಕಟ್ಟೋ ದುಡ್ಡು, ಏರುತ್ತದೆ. ಯಜಮಾನರು ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಂಡರು, ನಾವು ಆ ಸುಂಕದ ಅರ್ಧ ಮೊತ್ತಕ್ಕೆ ಕ್ರೆಡಿಟ್ ನೋಟ್, ಅಂದ್ರೆ ಅಷ್ಟು ದುಡ್ಡು ನಿಮ್ಮ ಲೆಕ್ಕಕ್ಕೆ ಬಿಟ್ಟಿದ್ದೇವೆ ಅನ್ನೋ ಚೀಟಿ, ಕೊಟ್ಟೆವು. ಅದರ ಮೇಲೆ ನನ್ನದೇ ಸಹಿ.

ಹಾಗಂತ ಚೇಂಬರ್ ಕಾಗದ ಸುಮ್ನೆ ಅಲ್ಲ. ಕೆಲವು ಬ್ಯಾಂಕುಗಳ ಪಾವತಿ ಖಾತರಿ ಪತ್ರದಲ್ಲಿ, ಅಂದ್ರೆ ಎಲ್‌ಸಿಯಲ್ಲಿ ಚೇಂಬರ್ ಸಿಒ ಅಂತಲೇ ಬರೆದಿರುತ್ತದೆ, ಆಗ ಅದು ಇಲ್ಲದೆ ದುಡ್ಡು ಬರೋದು ಕಷ್ಟ. ಇನ್ನೊಂದು ಸಲ ಮಲೇಷ್ಯಾದಿಂದ ತಂದ ಮಾಲನ್ನು ಇಲ್ಲಿ ಬರೀ ಹೊಸ ಡಬ್ಬಿಗೆ ಹಾಕಿ, ಗಿರಾಕಿ ಒತ್ತಾಯಕ್ಕೆ ಸಿಂಗಪುರದ್ದು ಅಂತ ಅರ್ಜಿ ಹಾಕಿದ್ದೆ. ಚೇಂಬರ್‌ನ ಆಂಟಿ ಒಬ್ಬರು ಫೋನ್ ಮಾಡಿ ಸಪ್ಲೈಯರ್ ಇನ್‌ವಾಯ್ಸ್ ಕೇಳಿದರು, ನೋಡಿದರು, ಅರ್ಜಿ ವಾಪಸ್. ಡಬ್ಬಿ ಬದಲಾಯಿಸಿದರೆ ಊರು ಬದಲಾಗಲ್ಲ ಅಂದರು. ಆ ದಿನ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಕೇಳಿದವರಿಗೆಲ್ಲ ಅವರು ಸೀಲು ಒತ್ತುತ್ತಾ ಕೂತಿದ್ದರೆ, ನನ್ನ ನಿಜವಾದ ಸಿಒಗಳನ್ನು ಆ ಕಡೆ ಪೋರ್ಟಿನಲ್ಲಿ ಯಾರು ನಂಬ್ತಿದ್ದರು, ಅಲ್ವಾ?

ಈಗ ಯಾರೇ ಸಿಒ ಕೇಳಿದರೂ ನನ್ನ ಮೊದಲ ಮೇಲ್‌ನಲ್ಲಿ ಒಂದೇ ಪ್ರಶ್ನೆ: ಬ್ಯಾಂಕಿಗೋ, ಸುಂಕ ಇಳಿಸೋಕೋ? ಪೀಣ್ಯದವರ ಮುಂದಿನ ಆರ್ಡರ್‌ಗೂ ಇದನ್ನೇ ಕೇಳಿದೆ. "ಎರಡಕ್ಕೂ ಅಲ್ಲ ಕಣ್ರೀ, ಈ ಸಲ ನಿಮ್ಮನ್ನ ಪರೀಕ್ಷೆ ಮಾಡೋಕೆ" ಅಂತ ಉತ್ತರ ಬಂತು.